ಡಿಪಾರ್ಟ್‌ಮೆಂಟ್ ವೆಬ್‌ಸೈಟ್ ರಿಪೇರಿ: ಪಿಎಚ್‌.ಡಿ. ಗೈಡ್‌ಗಳ ಪುಟ ಮುಗಿಯಿತು

ಹಾಸನದ ಒಂದು ಇತಿಹಾಸ ವಿಭಾಗದ ವೆಬ್‌ಸೈಟನ್ನು ಬಿಡುವಿದ್ದಾಗ ಸರಿ ಮಾಡಿಕೊಡುತ್ತಿದ್ದೇನೆ. ದುಡ್ಡಿನ ಕೆಲಸ ಅಲ್ಲ, ಸುಮ್ನೆ ಆಸಕ್ತಿಗೆ. ಎಂ.ಎ.ಗೆ ಹುಡುಗರು ಬರುತ್ತಾರೆ, ಪಿಎಚ್‌.ಡಿ. ಅಂದರೆ ಮಾತ್ರ ಮೈಸೂರು, ಬೆಂಗಳೂರು ಅಂತ ಹೊರಟುಬಿಡುತ್ತಾರೆ ಅನ್ನುವುದು ಅಲ್ಲಿನ ಮೇಡಂ ಕೊರಗು. ಸೈಟ್ ನೋಡಿದ ಮೇಲೆ ನನಗೇನೂ ಆಶ್ಚರ್ಯ ಆಗಲಿಲ್ಲ.

ಮೇಲೆ ಓಡುವ ಫೋಟೋಗಳು, ಕೆಳಗೆ ವಿಷನ್, ಮಿಷನ್. ಪಿಎಚ್‌.ಡಿ. ಮಾಡಬೇಕೆಂದು ಬರುವವರು ಇದನ್ನು ಓದುವುದಿಲ್ಲ. ಗೈಡ್ ಯಾರು, ಯಾವ ವಿಷಯ, ಸೀಟ್ ಖಾಲಿ ಇದೆಯಾ? ಇಷ್ಟು ಸಿಗದಿದ್ದರೆ ಬೇರೆ ಕಡೆ ನೋಡುತ್ತಾರೆ. ಅದಕ್ಕೇ ಫೋಟೋಗಳ ತಂಟೆಗೆ ಹೋಗದೆ ಮೊದಲು ಗೈಡ್‌ಗಳ ಪುಟ ಹಿಡಿದೆ.

ಹಳೆ ಪುಟದಲ್ಲಿ ಹೆಸರು, ಡಿಗ್ರಿ, ಪಾಸ್‌ಪೋರ್ಟ್ ಫೋಟೋ, ಅಷ್ಟೇ. ‘ಆಸಕ್ತಿಯ ಕ್ಷೇತ್ರ: ಕರ್ನಾಟಕದ ಇತಿಹಾಸ’ ಅಂತ ಬರೆದರೆ ಯಾರಿಗೆ ಏನು ಗೊತ್ತಾಗುತ್ತೆ? ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿದೆ. ಒಬ್ಬರು ಹೇಳಿದರು: “ಹೊಯ್ಸಳರ ಕಾಲದ ಕೆರೆಗಳು. ಯಾರು ಕಟ್ಟಿಸಿದರು, ಅದನ್ನ ನೋಡಿಕೊಳ್ಳೋರಿಗೆ ಬಿತ್ತುವಟ್ಟ ಅಂತ ಎಲ್ಲಿ ಜಮೀನು ಬಿಟ್ಟರು, ಶಾಸನದಲ್ಲಿ ಅದನ್ನ ಹುಡುಕ್ತೀನಿ.” ಅವರ ಮಾತನ್ನೇ ಸ್ವಲ್ಪ ತಿದ್ದಿ ಹಾಕಿದೆ. ಕೆಳಗೆ ಅವರ ಬಳಿ ಈಗ ಇರುವ ವಿದ್ಯಾರ್ಥಿಗಳು, ಅವರ ವಿಷಯ. ಇದೇನು ನನ್ನ ಹೊಸ ಐಡಿಯಾ ಅಲ್ಲ. ಈ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿ ವರ್ಷ ವರ್ಷ ಸರಿಮಾಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲೇ ಇದೆ.

ತಲೆನೋವಾಗಿದ್ದು ಖಾಲಿ ಸೀಟಿನ ಲೆಕ್ಕ. 2022ರ ನಿಯಮದ ಪ್ರಕಾರ ಪ್ರೊಫೆಸರ್ ಒಬ್ಬರು 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರಿದ್ದ ಹಿರಿಯ ಸಾರ್ ಈ ಲೆಕ್ಕಕ್ಕೆ ಬರುತ್ತಾರೆ. ಆದರೆ ಜಾಸ್ತಿ ಮೇಲ್ ಹೋಗುತ್ತಿದ್ದದ್ದು ಅವರಿಗೇ! “ನಿಮ್ಮ ಹೆಸರಿನ ಕೆಳಗೆ ಹೊಸ ಸೀಟಿಲ್ಲ ಅಂತ ಹಾಕಲಾ ಸಾರ್?” ಅಂತ ಅಳುಕುತ್ತಲೇ ಕೇಳಿದೆ. “ಹಾಕಪ್ಪ, ಎಲ್ಲರಿಗೂ ಇಲ್ಲ ಇಲ್ಲ ಅಂತ ಬರೆದು ಸಾಕಾಗಿದೆ” ಅಂದರು. ಈಗ ಆಫೀಸಿನವರು ಒಂದು ಗೂಗಲ್ ಶೀಟಿನಲ್ಲಿ ಅಂಕಿ ಬದಲಿಸಿದರೆ ಸಾಕು, ಪುಟದಲ್ಲಿ ತಾನಾಗಿಯೇ ಬದಲಾಗುತ್ತದೆ. ಅವರು ಬದಲಿಸುತ್ತಾರಾ ಅನ್ನುವುದು ಬೇರೆ ಮಾತು.

ಕನ್ನಡ ಪುಟಗಳ ಕಥೆಯೇ ಬೇರೆ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದ್ದರು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ‘ನ’ ಇದ್ದ ಕಡೆಯೆಲ್ಲ ಪೌಂಡ್ ಗುರುತು. ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗದು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿದ್ದಾಯಿತು. ಕನ್ವರ್ಟರ್ ಬಹುಪಾಲು ಸರಿಯಾಗಿಯೇ ಮಾಡುತ್ತೆ. ಅರ್ಕಾವತ್ತು ಬರುವ ಕಡೆ ಮಾತ್ರ ಕಣ್ಣಿಟ್ಟು ನೋಡಬೇಕು.

‘ಇಲ್ಲೇ ಯಾಕೆ’ ಅನ್ನುವ ಹೊಸ ಪುಟ ಬರೆಯುವುದು ನನಗೆ ಖುಷಿಯ ಕೆಲಸ. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದವು. ಹಳೆಯ ಕನ್ನಡ ಶಾಸನ ಸಿಕ್ಕ ಹಲ್ಮಿಡಿ ಬೇಲೂರು ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಎಲ್ಲಿ ನೋಡಿದರೂ ಶಾಸನ. ಬೆಳಿಗ್ಗೆ ಬಸ್ ಹತ್ತಿ, ಕಲ್ಲಿನ ಮೇಲಿರುವುದನ್ನು ಬರೆದುಕೊಂಡು ಸಂಜೆಗೆ ವಾಪಸ್ ಬರಬಹುದು. ನಮ್ಮ ಕಡೆಯ ಶಾಸನಗಳನ್ನು ಒಟ್ಟುಮಾಡಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟ ಇಡೀ ಹಾಸನ ಜಿಲ್ಲೆಯ ಶಾಸನಗಳದ್ದು, ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ತಂದದ್ದು 1902ರಲ್ಲಿ. ಇಷ್ಟೆಲ್ಲ ಪಕ್ಕದಲ್ಲೇ ಇಟ್ಟುಕೊಂಡು ಸೈಟಿನಲ್ಲಿ ‘ಉತ್ಕೃಷ್ಟತೆಯೆಡೆಗೆ ನಮ್ಮ ಪಯಣ’ ಅಂತ ಬರೆದುಕೊಂಡರೆ ಏನು ಹೇಳೋದು!

ಫೆಲೋಶಿಪ್ ಪುಟ ಚಿಕ್ಕದು. ನೆಟ್ ಪರೀಕ್ಷೆಯಲ್ಲಿ ಮುಂದಿರುವವರಿಗೆ ಸಂಶೋಧನೆಗೆ ಸಿಗುವ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. 2024ರ ಜೂನ್‌ನಿಂದ ಜೆಆರ್‌ಎಫ್ ಸಿಗದವರೂ ನೆಟ್ ಅಂಕದ ಮೇಲೆ ಪಿಎಚ್‌.ಡಿ.ಗೆ ಸೇರಬಹುದು, ಆದರೆ ಆ ಅಂಕ ಒಂದು ವರ್ಷಕ್ಕೆ ಮಾತ್ರ ನಡೆಯುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಈಗ ಕೈಯಲ್ಲಿರುವುದು ಹಳೆ ವಿದ್ಯಾರ್ಥಿಗಳ ಥೀಸಿಸ್‌ಗಳಿಗೆ ಶೋಧಗಂಗಾ (ಪಿಎಚ್‌.ಡಿ. ಥೀಸಿಸ್‌ಗಳನ್ನು ಇಟ್ಟಿರುವ ಸೈಟ್) ಲಿಂಕ್ ಕೊಡುವ ಕೆಲಸ. ಒಬ್ಬರೇ ಗೈಡ್ ಹೆಸರು ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಸ್ಪೆಲಿಂಗ್ ಕೂಡ ಬೇರೆ ಬೇರೆ. ಹಾಗಾಗಿ ಹೆಸರು ಬಿಟ್ಟು ಥೀಸಿಸ್ ಶೀರ್ಷಿಕೆಯಲ್ಲೇ ಹುಡುಕುತ್ತಿದ್ದೇನೆ. ಇಂಗ್ಲಿಷ್ ಪುಟಗಳಿಗೆ ಇದಾದ ಮೇಲೆಯೇ ಕೈ ಹಾಕುವುದು.