ಇಷ್ಟು ಥಾನು ಮಖಮಲ್, ಒಂದು ಬಿಡುಗಡೆ

ರಾತ್ರಿ ಊಟ ಮುಗಿಸಿ ಓದೋಕೆ ಕೂತವನ ಮನಸ್ಸು ಬುರ್ಸಾದ ರೇಷ್ಮೆ ಮಗ್ಗಗಳ ಹತ್ತಿರವೇ ನಿಂತುಬಿಟ್ಟಿದೆ. ಆಟೊಮನ್ ತುರ್ಕರ ಊರು, 15-16ನೇ ಶತಮಾನ. ಮಗ್ಗದಲ್ಲಿ ಕೂತವರಲ್ಲಿ ಎಷ್ಟೋ ಜನ ಗುಲಾಮರು. ಅಲ್ಲಿನ ಖಾಜಿಯ, ಅಂದರೆ ನ್ಯಾಯಾಧೀಶನ, ದಫ್ತರಗಳಲ್ಲಿ ಒಂದು ಬಗೆಯ ಕರಾರು ಸಿಗುತ್ತದೆ: ಇಷ್ಟು ಥಾನು (ಸುರುಳಿ) ಬಟ್ಟೆ ನೇಯ್ದು ಕೊಟ್ಟರೆ ನೀನು ಸ್ವತಂತ್ರ. ಹೆಸರು ಮುಕಾತಬ. ಕುರಾನಿನ 24ನೇ ಅಧ್ಯಾಯದ 33ನೇ ವಚನವೇ ಇದಕ್ಕೆ ಆಧಾರ. ಬಿಡುಗಡೆಯ ಪತ್ರ ಕೇಳಿದವರಲ್ಲಿ ಒಳ್ಳೆಯದು ಕಂಡರೆ ಬರೆದುಕೊಡಿ, ದೇವರು ನಿಮಗೆ ಕೊಟ್ಟ ಹಣದಲ್ಲಿ ಅವರಿಗೂ ಕೊಡಿ ಅನ್ನುತ್ತದೆ ಅದು. ಇದು ಆಜ್ಞೆಯೋ ಸಲಹೆಯೋ ಅಂತ ನ್ಯಾಯಪಂಡಿತರಲ್ಲಿ ವಾದ ನಡೆದು, ಹೆಚ್ಚಿನವರು ಸಲಹೆ ಅಂದರು. ಅಂದರೆ ಕೊನೆಗೆ ಯಜಮಾನನ ಮರ್ಜಿ.

ಇಸ್ಲಾಮಿ ಕಾನೂನಿನಲ್ಲಿ ಯಜಮಾನನ ಮಗುವನ್ನು ಹೆತ್ತ ದಾಸಿಯನ್ನು ಮಾರುವಂತಿರಲಿಲ್ಲ. ಅವನು ಸತ್ತರೆ ಆಕೆ ಸ್ವತಂತ್ರಳು, ಮಗು ಹುಟ್ಟಿನಿಂದಲೇ ಸ್ವತಂತ್ರ. ರಕ್ಷಣೆ ಹೌದು. ಆದರೆ ಆಕೆಯ ದೇಹದ ಮೇಲೆ ಅವನಿಗೆ ಹಕ್ಕು ಕೊಟ್ಟದ್ದೂ ಅದೇ ಕಾನೂನು. ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಮುಸ್ಲಿಂ ದೇಶಗಳಲ್ಲಿ ಟ್ಯುನೀಷಿಯಾ 1846ರಲ್ಲೇ ಗುಲಾಮಗಿರಿ ರದ್ದು ಮಾಡಿತು. ಸೌದಿ ಅರೇಬಿಯಾ 1962ರಲ್ಲಿ, ಮಾರಿಟೇನಿಯಾ 1981ರಲ್ಲಿ. 1981 ಅಂದರೆ ನಮ್ಮಕ್ಕ ಹುಟ್ಟಿದ ವರ್ಷ.

ನಮ್ಮಪ್ಪನೂ ಮಗ್ಗದವರೇ. ಸಂಜೆ ಲಾಳಿ ಕೆಳಗಿಟ್ಟು, ಅವತ್ತು ನೇಯ್ದದ್ದನ್ನು ಗೇಣಿನಲ್ಲಿ ಅಳೆಯುತ್ತಿದ್ದರು. ಬುರ್ಸಾದ ಆ ನೇಕಾರನೂ ದಿನಾ ಹಾಗೇ ಅಳೆದಿರಬೇಕು, ಕೊನೆಯ ಥಾನಿನ ಕೊನೆಯ ಗೇಣಿನವರೆಗೂ.