ಫೈಲ್ ಇದೆ, ಕನ್ನಡ ಇಲ್ಲ

ಆವತ್ತು ನನ್ನ ಹೆಸರಲ್ಲಿ ಮೂರು ಟಿಕೆಟ್, ಅಂದರೆ ಕಂಪ್ಯೂಟರ್ ರಿಪೇರಿ ಕರೆಗಳು, ಇದ್ದವು. ಎರಡನೆಯದು ನಿವೃತ್ತ ಕನ್ನಡ ಮೇಷ್ಟರ ಮನೆ. ವಿಂಡೋಸ್ 10 ಹಾಕಿದ್ದ ಹಳೇ ಡೆಸ್ಕ್‌ಟಾಪ್. ಆನ್ ಮಾಡಿದರೆ ಮೌಸ್ ಅಲ್ಲಾಡುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು.

"ತಂದಾಗ ಹೇಗಿತ್ತೋ ಹಾಗೆ ಮಾಡಿಕೊಡಪ್ಪ. ಬರೆದಿದ್ದು ಮಾತ್ರ ಹೋಗಬಾರದು" ಎಂದರು.

ಸೆಟ್ಟಿಂಗ್ಸ್, ರಿಕವರಿ, ರೀಸೆಟ್ ದಿಸ್ ಪಿಸಿ. 'ಕೀಪ್ ಮೈ ಫೈಲ್ಸ್' ಒತ್ತಿದೆ. ಬ್ಯಾಕಪ್ ತಗೊಳ್ಳಲಿಲ್ಲ. ಬ್ಯಾಗಲ್ಲಿ ಹಾರ್ಡ್ ಡಿಸ್ಕ್ ಇತ್ತು, ಆದರೂ ತೆಗೆಯಲಿಲ್ಲ. ನಮ್ಮ ಅಂಗಡಿಯಲ್ಲಿ ಟಿಕೆಟ್‌ಗೆ 90 ನಿಮಿಷ ಅಂತ ಲೆಕ್ಕ. ಕಾಪಿ ಆಗೋದನ್ನ ನೋಡ್ತಾ ಕೂತರೆ ಅದನ್ನು ಕೆಲಸ ಅಂತ ಯಾರೂ ಒಪ್ಪಲ್ಲ. ಯಾವ ಯಾವ ಆ್ಯಪ್ ಹೋಗುತ್ತದೆ ಅನ್ನೋ ಪಟ್ಟಿಯನ್ನೂ ತೋರಿಸಿತು. ಓದದೆ ನೆಕ್ಸ್ಟ್ ಒತ್ತಿದೆ.

64%ಗೆ ಬಂದು ನಿಂತುಬಿಟ್ಟಿತು. ಯುಪಿಎಸ್ ಇಲ್ಲ, ಕರೆಂಟ್ ಹೋದರೆ ಮುಗೀತು ಅನ್ನೋದು ಆಗ ತಲೆಗೆ ಬಂತು. ಇಪ್ಪತ್ತು ನಿಮಿಷ ತೆರೆ ಬಿಟ್ಟು ಸೀಲಿಂಗ್ ಫ್ಯಾನನ್ನೇ ನೋಡುತ್ತ ಕೂತೆ. ಅದು ತಿರುಗುತ್ತಿರುವವರೆಗೂ ನಾನು ಬದುಕಿದ್ದೆ.

ಅಂತೂ ಮುಗಿಯಿತು. ಮಷೀನು ಚುರುಕಾಗಿತ್ತು. ವರ್ಡ್ ಹೋಗಿತ್ತು, ಸುಮ್ನೆ ಅದರ ಬದಲು ಲಿಬ್ರೆಆಫೀಸ್ ಹಾಕಿದೆ. ಡಾಕ್ಯುಮೆಂಟ್ಸ್‌ನಲ್ಲಿ ಒಂದು ಫೈಲೂ ಹೋಗಿರಲಿಲ್ಲ. ಜಂಬದಿಂದಲೇ ಮೇಷ್ಟರನ್ನು ಕರೆದು ಒಂದನ್ನು ತೆರೆದೆ.

ತೆರೆ ತುಂಬ ಪೌಂಡ್ ಗುರುತು (£), ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ' (À). ಇನ್ನೊಂದು ಫೈಲ್ ತೆರೆದೆ. ಅದೂ ಹಾಗೇ. ಮತ್ತೊಂದು. ಮೇಷ್ಟರು ಕನ್ನಡಕ ಸರಿ ಮಾಡಿಕೊಂಡು, "ಇದು ಯಾವ ಭಾಷೆಯಪ್ಪಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಹೋಗಿ ಸೀನಿಯರ್‌ಗೆ ಫೋನ್ ಮಾಡಿದೆ. "ಡೇಟಾ ಎಲ್ಲ ಕರಪ್ಟ್ ಆಗಿದೆ ಸಾರ್."

"ಏನು ಕಾಣ್ತಿದೆ?"

"ಪೌಂಡ್ ಗುರುತು."

ಆ ಕಡೆಯಿಂದ ಜೋರು ನಗು. "ನುಡಿ ಹಾಕೋ ಮಾರಾಯ!"

ನಾನು ಮೊಬೈಲಲ್ಲೇ ಕನ್ನಡ ಟೈಪ್ ಮಾಡಲು ಕಲಿತವನು. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯುನಿಕೋಡ್ ಬಿಟ್ಟು ಬೇರೆ ಗೊತ್ತಿಲ್ಲ. ಮೇಷ್ಟರದು ಕನ್ನಡ ಟೈಪ್ ಮಾಡುವ 'ನುಡಿ' ಅನ್ನೋ ಹಳೇ ತಂತ್ರಾಂಶ. ಅದರಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಗುರುತುಗಳ ಜಾಗದಲ್ಲೇ ಕೂತಿರುತ್ತವೆ. 'ಕನ್ನಡ' ಅಂತ ಹೊಡೆದರೆ ಫೈಲಿನೊಳಗೆ ಇರೋದು ಒಂದು 'ಪಿ', ಒಂದು ಗೀಟಿನ 'ಎ', ಒಂದು ಪೌಂಡು... ಅದನ್ನು ಕನ್ನಡವಾಗಿ ತೋರಿಸೋದು ಫಾಂಟು. ರೀಸೆಟ್ ಫೈಲ್ ಉಳಿಸಿ, ನುಡಿಯನ್ನೂ ಅದರ ಫಾಂಟುಗಳನ್ನೂ ಗುಡಿಸಿ ಹಾಕಿತ್ತು. ನಾನು ಓದದೆ ಬಿಟ್ಟ ಪಟ್ಟಿಯಲ್ಲಿ ನುಡಿ ಹೆಸರೂ ಇತ್ತು. ಆ ಪಟ್ಟಿಯ ಒಂದು ಪ್ರತಿ ಈಗಲೂ ಡೆಸ್ಕ್‌ಟಾಪ್ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನುಡಿ ಇಳಿಸಿ ಹಾಕಿ ಫೈಲ್ ತೆರೆದಾಗ ಪೌಂಡೆಲ್ಲ ಮಾಯ. ಮೇಷ್ಟರು ಮೊದಲ ಪುಟ ಪೂರ್ತಿ ಓದಿದರು. ಆಮೇಲೆ ಎರಡನೇ ಸಾಲಲ್ಲಿದ್ದ ಒತ್ತಕ್ಷರದ ತಪ್ಪು ತೋರಿಸಿ, "ಇದು ನೀನು ಮಾಡಿದ್ದಾ?" ಎಂದರು. ಅಲ್ಲ ಸಾರ್, ಅದು ನಿಮ್ಮದೇ ಅನ್ನಲು ಧೈರ್ಯ ಬರಲಿಲ್ಲ.

ಮೂರನೇ ಟಿಕೆಟ್ ಮಾರನೆ ದಿನಕ್ಕೆ ಹೋಯಿತು. ಮ್ಯಾನೇಜರ್ ಕೇಳಿದ್ದು ಇಷ್ಟೇ: "ಒಂದು ರೀಸೆಟ್‌ಗೆ ನಾಲ್ಕು ಗಂಟೆನಾ?"