ಆಡೋ ಪುಸ್ತಕ ಆಡೋರ ಕೈಗೇ ಹೋಗ್ಲಿ

ನನ್ನ ಹತ್ರ ಇರೋ ಟೇಬಲ್‌ಟಾಪ್ ಆರ್‌ಪಿಜಿ ಪುಸ್ತಕಗಳನ್ನ ಮಾರ್ತಾ ಇದೀನಿ, ಅಂದ್ರೆ ಒಬ್ರು ಕಥೆ ನಡೆಸ್ತಾ ಮಿಕ್ಕವರು ಒಂದೊಂದು ಪಾತ್ರ ಆಗಿ ಡೈಸ್ ಹಾಕಿ ಆಡೋ ಆಟಗಳ ಪುಸ್ತಕ. ಗ್ರೂಪು ಚದುರಿಹೋಗಿ ಒಬ್ಬೊಬ್ರು ಒಂದೊಂದು ಕಡೆ ಸೇರ್ಕೊಂಡಿದಾರೆ, ಈಗ ಆಡೋದೇನಿದ್ರೂ ವಿಡಿಯೋ ಕಾಲ್‌ನಲ್ಲಿ, ಎಲ್ರ ಹತ್ರಾನೂ ಪಿಡಿಎಫ್, ಕಪಾಟಿನಲ್ಲಿರೋ ದಪ್ಪ ದಪ್ಪ ಪುಸ್ತಕ ತೆಗೆದು ನೋಡೋರೇ ಇಲ್ಲ. ಆಡ್ಲಿ ಅಂತ ಬರೆದಿರೋ ಪುಸ್ತಕ ಸುಮ್ನೆ ಧೂಳು ತಿಂತಾ ಕೂತಿರೋದು ನೋಡಿದ್ರೆ ನನಗೆ ಸಂಕಟ ಆಗತ್ತೆ. ಮಾರೋಕೆ ಶುರು ಮಾಡಿದ್ಮೇಲೆ ಗೊತ್ತಾಗಿದ್ದು ಸುಮಾರಿದೆ, ಯಾರಾದ್ರೂ ಇದೇ ಯೋಚನೆಯಲ್ಲಿದ್ರೆ ಉಪಯೋಗಕ್ಕೆ ಬರಬಹುದು.

ರೇಟು ಗೀಟು ಎಲ್ಲ ಆಮೇಲೆ. ಮೊದಲು ತೀರ್ಮಾನ ಮಾಡ್ಬೇಕಾಗಿದ್ದು ಯಾರಿಗೆ ಮಾರ್ತೀವಿ ಅನ್ನೋದು. ಈ ಪುಸ್ತಕ ಕೊಳ್ಳೋರಲ್ಲಿ ಎರಡು ಥರ ಇದಾರೆ. ಸಂಗ್ರಹ ಮಾಡೋರಿಗೆ ಮೂಲೆ ಬಾಗಿರಬಾರ್ದು, ಬೈಂಡಿಂಗ್ ಸಡಿಲ ಇರಬಾರ್ದು, ಒಳಗೆ ಯಾರ ಹೆಸ್ರೂ ಇರಬಾರ್ದು, ಬಳಕೆಯೇ ಆಗದೇ ಇರೋ ಪುಸ್ತಕಾನೇ ಅವರಿಗೆ ಬೇಕು. ಆಡೋರಿಗೆ ಹಾಗಲ್ಲ, ಎಲ್ಲಾ ಪುಟ ಇದ್ರೆ ಸಾಕು, ಮ್ಯಾಪ್ ಇದ್ರೆ ಸಾಕು, ಮುಂದಿನ ವಾರ ಸೆಷನ್ ನಡೆಸೋಕೆ ಆಗ್ಬೇಕು ಅಷ್ಟೆ. ಒಂದೇ ಪುಸ್ತಕ ಇವರಿಬ್ಬರ ಕಣ್ಣಿಗೆ ಎರಡು ಬೇರೆ ಬೇರೆ ವಸ್ತು. ನಾನು ಆಡೋರ ಕಡೆ. ಸಂಗ್ರಹ ಮಾಡೋರ ಮೇಲೆ ನನಗೆ ಬೇಜಾರೇನಿಲ್ಲ, ಅವರಿಲ್ದೇ ಇದ್ದಿದ್ರೆ 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದ್ರೆ ಡಿ ಅಂಡ್ ಡಿ ಆಟದ ಮೂರು ಸಣ್ಣ ಪುಸ್ತಕಗಳ ಡಬ್ಬ ಇವತ್ತಿಗೆ ಎಷ್ಟು ಉಳೀತಿತ್ತೋ.

ಮುದ್ರಣ ಯಾವುದು ಅಂತ ನೋಡೋದು ಕಲೀರಿ. ಕಾಪಿರೈಟ್ ಪುಟದಲ್ಲಿ ಹತ್ತರಿಂದ ಒಂದರವರೆಗೆ ಅಂಕಿಗಳ ಸಾಲು ಇದ್ರೆ, ಅದರಲ್ಲಿ ಉಳ್ಕೊಂಡಿರೋ ಅತಿ ಚಿಕ್ಕ ಅಂಕಿ ಎಷ್ಟನೇ ಮುದ್ರಣ ಅಂತ ಹೇಳತ್ತೆ. ಹೊರಗಿನಿಂದ ಒಂದೇ ಥರ ಕಾಣೋ ಪುಸ್ತಕದೊಳಗೆ ದೊಡ್ಡ ವ್ಯತ್ಯಾಸ ಇರಬಹುದು. ಡೀಟೀಸ್ ಅಂಡ್ ಡೆಮಿಗಾಡ್ಸ್ ಅಂತ ಡಿ ಅಂಡ್ ಡಿಯ 1980ರ ಪುಸ್ತಕ ಇದೆ, ಶುರುವಿನ ಮುದ್ರಣದಲ್ಲಿ 144 ಪುಟ, ಬೇರೆ ಲೇಖಕರ ಕಥೆಗಳಿಂದ ಬಂದ ಕ್ತುಲ್ಹು ಮತ್ತೆ ಮೆಲ್ನಿಬೋನೆ ಲೋಕದ ದೇವರುಗಳು ಇದ್ವು, ಆಮೇಲೆ ಅವೆರಡು ಭಾಗ ತೆಗೆದು 128 ಪುಟ ಮಾಡಿದ್ರು. ಮುಖಪುಟ ನೋಡಿ ರೇಟು ಹೇಳೋರು ಇಂಥ ಕಡೆ ಪುಟ ಎಣಿಸದೇ ಇದ್ರೆ ಕೊಳ್ಳೋರಿಗೋ ಮಾರೋರಿಗೋ ಒಬ್ರಿಗೆ ನಷ್ಟ ಗ್ಯಾರಂಟಿ. ಎಡಿಷನ್ ಅಂತೂ ಸ್ಪಷ್ಟವಾಗಿ ಬರೀಲೇಬೇಕು, ಡಿ ಅಂಡ್ ಡಿ ಒಂದರಲ್ಲೇ 1989ರದ್ದು ಎರಡನೇದು, 2000ದ್ದು ಮೂರನೇದು, 2003ರಲ್ಲಿ ಮೂರೂವರೆ, 2008ರದ್ದು ನಾಲ್ಕನೇದು, 2014ರದ್ದು ಐದನೇದು, ಅದರ ಮೇಲೆ 2024ರ ಪರಿಷ್ಕರಣೆ ಬೇರೆ. ಹೊಸದಾಗಿ ಆಟ ಶುರು ಮಾಡೋರು ತಪ್ಪು ಎಡಿಷನ್ ತಗೊಂಡು ಹೋಗಿ ಮೊದಲನೇ ಸೆಷನ್ನಲ್ಲೇ ಬೇಸತ್ತು ಬಿಟ್ಟುಬಿಡೋದು ನನಗೆ ಬೇಡ.

ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದು ಪೂರ್ತಿ ಇದೆಯಾ ಇಲ್ವಾ ಅಂತ ನೋಡೋದು. ಎರಡನೇ ಎಡಿಷನ್ನಿನ ರಾಕ್ಷಸರ ಪುಸ್ತಕ, ಮಾನ್‌ಸ್ಟ್ರಸ್ ಕಾಂಪೆಂಡಿಯಂ, ಮೊದಲು ಬಂದಿದ್ದು ಹೊಲಿದ ಪುಸ್ತಕವಾಗಿ ಅಲ್ಲ, ರಿಂಗ್ ಫೈಲಿನಲ್ಲಿ ಬಿಡಿ ಬಿಡಿ ಹಾಳೆಯಾಗಿ. ಐಡಿಯಾ ಚೆನ್ನಾಗಿತ್ತು, ಇವತ್ತಿನ ಆಟಕ್ಕೆ ಬೇಕಾಗಿರೋ ರಾಕ್ಷಸರ ಹಾಳೆ ಮಾತ್ರ ತೆಗೆದಿಟ್ಕೊಂಡು ಮಿಕ್ಕಿದ್ದು ಪಕ್ಕಕ್ಕಿಡಬಹುದು, ಆದ್ರೆ ಹಾಳೆಯ ಎರಡೂ ಬದಿಗೆ ಬೇರೆ ಬೇರೆ ರಾಕ್ಷಸರು, ಹೊಸ ಹಾಳೆ ಸೇರಿಸಿದ್ರೆ ಹೆಸರುಗಳ ಅಕ್ಷರಕ್ರಮ ಕೆಟ್ಟುಹೋಗತ್ತೆ, ತೆಗೆದು ಹಾಕಿ ತೆಗೆದು ಹಾಕಿ ತೂತಿನ ಹತ್ರ ಕಾಗದ ಹರಿಯತ್ತೆ. 1993ರಲ್ಲಿ ಗಟ್ಟಿ ರಟ್ಟಿನ ಒಂದೇ ಪುಸ್ತಕ ಮಾಡಿದ್ರು. ನಮ್ಮ ಫೈಲಿನಲ್ಲಿ ಹರಿದ ತೂತುಗಳಿಗೆಲ್ಲ ಬಿಳೀ ಅಂಟುರಿಂಗ್ ಹಚ್ಚಿದೀವಿ, ಡ್ರ್ಯಾಗನ್ ಹಾಳೆಗಳ ಅಂಚು ಬೆರಳಿನ ಜಿಡ್ಡಿಗೆ ಹಳದಿಯಾಗಿದೆ, ಅವೇ ತಾನೇ ಪದೇ ಪದೇ ಹೊರಗೆ ಬರ್ತಿದ್ದಿದ್ದು! ನೆಲದ ಮೇಲೆ ಹರಡ್ಕೊಂಡು ಒಂದೊಂದು ಹಾಳೇನೂ ಪಟ್ಟಿಗೆ ತಾಳೆ ನೋಡಿದೀನಿ.

ಬಾಕ್ಸ್ ಸೆಟ್‌ಗಳದ್ದೂ ಇದೇ ಕಥೆ. 1983ರ ಡಿ ಅಂಡ್ ಡಿ ಕೆಂಪು ಡಬ್ಬದಲ್ಲಿ ಡೈಸ್ ಜೊತೆ ಒಂದು ಕ್ರೇಯಾನ್ ಬರ್ತಿತ್ತು, ಡೈಸ್ ಮೇಲಿನ ಅಂಕಿಗೆ ನಾವೇ ಬಣ್ಣ ತುಂಬ್ಕೋಬೇಕಿತ್ತು, ಆ ಕ್ರೇಯಾನ್ ಈಗ ಯಾರ ಡಬ್ಬದಲ್ಲಿ ಉಳಿದಿರತ್ತೆ ಹೇಳಿ. ಆ ಕಾಲದ ತೆಳು ಅಡ್ವೆಂಚರ್ ಪುಸ್ತಕಗಳಲ್ಲಿ, ಅಂದ್ರೆ ಆಡಿಸೋಕೆ ಅಂತ ಬರೆದಿಟ್ಟ ಕಥೆಗಳಲ್ಲಿ, ಎಷ್ಟೋ ಸಲ ಹೊರಗಿನ ರಟ್ಟು ಒಳಗಿನ ಹಾಳೆಗಳಿಗೆ ಸೇರ್ಕೊಂಡೇ ಇರಲ್ಲ, ಅದರ ಒಳಬದಿಗೆ ಮ್ಯಾಪ್ ಇರತ್ತೆ, ಡಿಎಂ, ಅಂದ್ರೆ ಆಟ ನಡೆಸೋರು, ಅದನ್ನೇ ಮುಂದೆ ಮರೆಯಾಗಿ ನಿಲ್ಲಿಸ್ಕೋತಾರೆ. ಗೊತ್ತಿಲ್ದೋರು ರಟ್ಟು ಕಿತ್ತುಬಂದಿದೆ ಅಂತ ಡ್ಯಾಮೇಜ್ ಲೆಕ್ಕಕ್ಕೆ ಹಾಕ್ತಾರೆ. ಕಿತ್ತು ಬಂದಿಲ್ಲ ಸ್ವಾಮಿ, ಅದು ಹುಟ್ಟಿದ್ದೇ ಹಾಗೆ! ರಟ್ಟೇ ಕಳೆದುಹೋಗಿದ್ರೆ ಮಾತ್ರ ಮ್ಯಾಪ್ ಹೋದ ಹಾಗೆ, ಆಗ ಪುಸ್ತಕ ಅರ್ಧ. ಕಾಲ್ ಆಫ್ ಕ್ತುಲ್ಹು ಥರದ ಪತ್ತೇದಾರಿ ಆಟಗಳಲ್ಲಾದ್ರೆ ಆಟಗಾರರ ಕೈಗೆ ಕೊಡೋ ಕಾಗದ, ಹಳೇ ಪತ್ರ, ಪೇಪರ್ ತುಣುಕು ಇವೆಲ್ಲ ಹ್ಯಾಂಡೌಟ್ ಆಗಿ ಇರತ್ತೆ, ಯಾರೋ ಕತ್ತರಿಸ್ಕೊಂಡಿರಬಹುದು, ಒಂದೊಂದೇ ನೋಡಿ. ಆ ಆಟ 1981ರದ್ದು, ರೂಲ್ಸ್ ಬುಡಮೇಲು ಆಗೋ ಹಾಗೆ ಬದಲಾಗಿಲ್ಲ, ಹಳೇ ಕಥೆಗಳನ್ನ ಒಂಚೂರು ಲೆಕ್ಕ ಸರಿಮಾಡ್ಕೊಂಡು ಇವತ್ತಿಗೂ ಆಡಬಹುದು, ಅದಕ್ಕೇ ಅವನ್ನ ಆಡೋರು ಹುಡುಕ್ಕೊಂಡು ಬರ್ತಾರೆ.

ಇನ್ನು ಪೆನ್ಸಿಲ್ ಬರಹ. ನಮ್ಮ ಅಡ್ವೆಂಚರ್‌ಗಳ ಅಂಚಿನಲ್ಲೆಲ್ಲ ನಾನು ಬರೆದಿದೀನಿ, ಒಂದು ಕಡೆ ಕಾವಲುಗಾರನ ಹೆಸರಿನ ಪಕ್ಕ "ಇವನನ್ನ ಸಾಯಿಸ್ಲಿಲ್ಲ, ಸ್ನೇಹ ಮಾಡ್ಕೊಂಡ್ರು, ಮುಂದೆ ಬರ್ತಾನೆ" ಅಂತ ಇದೆ, ಅದರ ಕೆಳಗೆ ಅವನ ಪ್ರಾಣಶಕ್ತಿಯ ಅಂಕಿ ಹೊಡೆದು ಹೊಡೆದು ಸೊನ್ನೆಯ ಹತ್ರ ಬಂದು ನಿಂತಿದೆ. ಅಳಿಸಿ ಮಾರು ಅಂದ್ರು ಕೆಲವರು. ನಾನು ಅಳಿಸಲ್ಲ. ರಬ್ಬರ್ ಉಜ್ಜಿದ್ರೆ ಕಾಗದದ ಹೊಳಪು ಹೋಗತ್ತೆ, ಅದಕ್ಕಿಂತ ಮುಖ್ಯವಾಗಿ ಮುಂದೆ ಅದನ್ನ ನಡೆಸೋ ಡಿಎಂಗೆ ಯಾವ ಕೋಣೆಯಲ್ಲಿ ಆಟಗಾರರು ಎಡವಿದ್ರು ಎಲ್ಲಿ ಆಟ ಬಿಸಿಯಾಯ್ತು ಅಂತ ಒಬ್ಬ ಆಡಿಸಿದವನ ಕೈಬರಹದಲ್ಲೇ ಸಿಗತ್ತೆ. ಫೋಟೋ ಹಾಕಿ ಸ್ಪಷ್ಟವಾಗಿ ಬರೀತೀನಿ, ಬೇಡ ಅನ್ನೋರು ಬಿಡ್ಲಿ.

ರೇಟಿಗೆ ಬಂದ್ರೆ, ಬೇರೆಯವರು ಎಷ್ಟು ಕೇಳ್ತಿದಾರೆ ಅಂತ ನೋಡಿ ಪ್ರಯೋಜನ ಇಲ್ಲ, ಎಷ್ಟಕ್ಕೆ ಮಾರಾಟ ಆಗಿದೆ ಅಂತ ನೋಡಿ. ಲಕ್ಷಣವಾಗಿರೋ, ಆಟದ ಮುಖ್ಯ ನಿಯಮಗಳಿರೋ ಕೋರ್ ರೂಲ್‌ಬುಕ್‌ಗೆ ರೇಟು ಬರಲ್ಲ ಯಾಕಂದ್ರೆ ಅದು ಎಲ್ರ ಹತ್ರಾನೂ ಇದೆ, ಯಾರೋ ಇಬ್ರು ಸೇರ್ಕೊಂಡು ಕಡಿಮೆ ಪ್ರತಿ ಅಚ್ಚು ಹಾಕಿಸಿದ ತೆಳ್ಳಗಿನ ಪುಸ್ತಕಕ್ಕೆ ಬರತ್ತೆ. ಅಚ್ಚು ನಿಂತುಹೋದ ಪುಸ್ತಕ ಮತ್ತೆ, ಕೇಳಿದಾಗ ಮಾತ್ರ ಅಚ್ಚು ಹಾಕಿ ಕೊಡೋ ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಸಿಗೋಕೆ ಶುರುವಾದ್ರೆ ಹಳೇ ಪ್ರತಿಯ ಬೆಲೆ ಇಳಿಯೋದು ಸಹಜ. ಎಲ್ರೂ ಹೇಳೋದು ಅಂದ್ರೆ ಗಿರಾಕಿ ಇರೋದನ್ನ ಬಿಡಿಬಿಡಿಯಾಗಿ ಮಾರಿ ಮಿಕ್ಕಿದ್ದನ್ನ ಲಾಟ್ ಹಾಕಿ ತೂಗಿಬಿಡಿ ಅಂತ. ದುಡ್ಡಿನ ಲೆಕ್ಕಕ್ಕೆ ಅದು ಸರಿ, ನನಗೆ ಮನಸ್ಸು ಬರ್ಲಿಲ್ಲ. ನಾನು ಆಟಕ್ಕೊಂದು ಕಟ್ಟು ಮಾಡಿದೀನಿ, ಪ್ರತಿ ಕಟ್ಟಲ್ಲೂ ರೂಲ್ಸ್, ಒಂದಾದ್ರೂ ಅಡ್ವೆಂಚರ್, ಇದ್ರೆ ಡಿಎಂ ಮುಂದೆ ಮರೆಗೆ ನಿಲ್ಲಿಸ್ಕೊಳ್ಳೋ ಸ್ಕ್ರೀನು, ಪಾತ್ರದ ವಿವರ ಬರ್ಕೊಳ್ಳೋ ಖಾಲಿ ಕ್ಯಾರೆಕ್ಟರ್ ಶೀಟು, ನನ್ನ ಹತ್ರ ಹೆಚ್ಚಿಗೆ ಇರೋ ಡೈಸು. ಕಟ್ಟು ಬಿಚ್ಚಿದ ದಿನಾನೇ ಆಡೋಕೆ ಕೂರಬಹುದು. ಬರೀ ರೂಲ್‌ಬುಕ್ ತಗೊಂಡು ಹೋದೋರು ಓದ್ತಾರೆ, ಓದಿ ಇಡ್ತಾರೆ, ಕಥೆ ಕೈಯಲ್ಲಿದ್ರೆ ಸ್ನೇಹಿತರನ್ನ ಕರೀತಾರೆ.

ಪ್ಯಾಕಿಂಗ್ ವಿಷ್ಯದಲ್ಲಿ ಜಿಪುಣತನ ಬೇಡ. ಮೊದಲು ಪ್ಲಾಸ್ಟಿಕ್ ಕವರು, ಎರಡೂ ಕಡೆ ಪುಸ್ತಕಕ್ಕಿಂತ ದೊಡ್ಡ ರಟ್ಟು, ಡಬ್ಬದೊಳಗೆ ಅಲ್ಲಾಡಬಾರ್ದು, ಪೆಟ್ಟು ಬೀಳೋದು ಯಾವಾಗ್ಲೂ ಮೂಲೆಗೇ. ಮುಗ್ಗಲು ವಾಸನೆ ಇದ್ರೆ ಮುಚ್ಚಿಡ್ಬೇಡಿ, ಫೋಟೋದಲ್ಲಿ ವಾಸನೆ ಕಾಣಲ್ಲ ಅಂತ ನೀವು ಬರೀದೇ ಇದ್ರೆ ಆ ಒಂದು ಪುಸ್ತಕ ಹೋಗಿ ಅವರ ಕಪಾಟೆಲ್ಲ ಕೆಡಿಸತ್ತೆ.

ಸುಮಾರು ಕಟ್ಟು ಹೋಗಿದೆ. ಒಬ್ರು ಕ್ತುಲ್ಹು ಕಟ್ಟು ತಗೊಂಡೋರು ಹ್ಯಾಂಡೌಟ್ ಯಾವ ಕ್ರಮದಲ್ಲಿ ಕೊಡ್ಬೇಕು ಅಂತ ಕೇಳಿ ಬರೆದಿದ್ರು, ಪುಟಗಟ್ಟಲೆ ಉತ್ತರ ಬರೆದು ಕಳಿಸಿದೀನಿ, ಈ ವಾರ ಅವರ ಮೊದಲನೇ ಸೆಷನ್ ಅಂತೆ. ರಿಂಗ್ ಫೈಲ್ ಇನ್ನೂ ಇದೆ, ಯಾರೂ ಕೇಳಿಲ್ಲ, ಎರಡನೇ ಎಡಿಷನ್ ಆಡಿಸೋ ಗ್ರೂಪ್ ಸಿಕ್ರೆ ಅದನ್ನ ಬರೀ ಕೊರಿಯರ್ ಖರ್ಚಿಗೆ ಕೊಡ್ತೀನಿ, ಡ್ರ್ಯಾಗನ್ ಹಾಳೆಗಳು ಎಲ್ಲಾ ಇವೆ.